ತಲೆ ತೊಳೆದು ಬನ್ನಿ, ಹರ್ಷೆಲ್ ಸಾಹೇಬರೇ!

ಓದುಗರ ಪ್ರಶ್ನೆ – ಛಾಯಾಗ್ರಾಹಕರ ಉತ್ತರ

ಕಳೆದ ಸಂಚಿಕೆಯಲ್ಲಿ ಈ ಪುಟದ ನೆತ್ತಿಗೆ ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್ ಅವರ ಹಳೆಯ ಭಾವಚಿತ್ರವೊಂದನ್ನು ಅಚ್ಚು ಹಾಕಿದ್ದೆವು. ಕಪ್ಪು ಹಿನ್ನೆಲೆ, ಮೈಮೇಲೆ ಕಪ್ಪು ಹೊದಿಕೆ, ನಡುವೆ ಕೆದರಿದ ಬಿಳಿಗೂದಲಿನ ಒಂದು ಮುದಿ ಮುಖ, ಅಷ್ಟೇ. ಅದನ್ನು ನೋಡಿ ಬಂದಷ್ಟು ಪತ್ರಗಳು ಈ ಅಂಕಣಕ್ಕೆ ಇತ್ತೀಚೆಗೆ ಬಂದಿರಲಿಲ್ಲ. ಹಾಗಾಗಿ ಲೆನ್ಸು, ಬ್ಯಾಟರಿ, ಮೆಮೊರಿ ಕಾರ್ಡಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಎತ್ತಿಟ್ಟು, ಈ ಸಲ ವಿಜ್ಞಾನಿಗಳ ಫೋಟೊಗಳ ಬಗ್ಗೆಯೇ ಮಾತಾಡೋಣ. ಉದ್ಯೋಗದ ಕಾಲವನ್ನೆಲ್ಲ ನಾನು ಒಂದು ಸಂಶೋಧನಾ ಸಂಸ್ಥೆಯ ಫೋಟೊ ವಿಭಾಗದಲ್ಲಿ ಕಳೆದವನು. ಅಲ್ಲಿ ನಡೆಯುತ್ತಿದ್ದ ಸಂಶೋಧನೆ ನನಗೆ ಅರ್ಥವಾದದ್ದು ಕಡಿಮೆ, ಸಂಶೋಧಕರ ಮುಖಗಳು ಅರ್ಥವಾದದ್ದು ಸ್ವಲ್ಪ ಹೆಚ್ಚು. ಮಾತು ಉದ್ದವಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ಹರ್ಷೆಲ್ ಅಷ್ಟು ದೊಡ್ಡ ವಿಜ್ಞಾನಿ. ಫೋಟೊ ತೆಗೆಸಿಕೊಳ್ಳುವಾಗ ತಲೆಯನ್ನಾದರೂ ಬಾಚಿಕೊಳ್ಳಬಾರದಿತ್ತೇ? ಚಿತ್ರ ಅಲ್ಲಲ್ಲಿ ಮಸುಕಾಗಿಯೂ ಇದೆ. ಕ್ಯಾಮೆರಾ ಸರಿ ಇರಲಿಲ್ಲವೋ, ತೆಗೆದವರ ಕೈ ಪಳಗಿರಲಿಲ್ಲವೋ?
– ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಉತ್ತರ: ಮೇಡಂ, ಅದು ಬಾಚಲು ಮರೆತ ತಲೆಯಲ್ಲ, ಬೇಕೆಂದೇ ಕೆದರಿಸಿದ ತಲೆ. 1867ರ ಏಪ್ರಿಲಿನಲ್ಲಿ ಈ ಚಿತ್ರ ತೆಗೆದವರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ತಲೆ ತೊಳೆದುಕೊಳ್ಳಿ, ಕೂದಲನ್ನು ಕೆದರಿಕೊಳ್ಳಿ ಎಂದು 75 ವರ್ಷದ ಹರ್ಷೆಲ್ ಅವರಿಗೆ ಹೇಳಿದ್ದು ಆಕೆಯೇ. ಜಿಡ್ಡುಗಟ್ಟಿದ ಕೂದಲು ತಲೆಬುರುಡೆಗೆ ಅಂಟಿ ಒಂದೇ ಮುದ್ದೆಯಾಗಿ ಕಾಣುತ್ತದೆ. ತೊಳೆದು ಒಣಗಿಸಿ ಬಿಟ್ಟರೆ ಬಿಳಿಗೂದಲಿನ ಒಂದೊಂದು ಎಳೆಯೂ ಬೆಳಕು ಹಿಡಿಯುತ್ತದೆ. ಚಿತ್ರವನ್ನು ಇನ್ನೊಮ್ಮೆ ನೋಡಿ, ಅಲ್ಲಿರುವ ಬೆಳಕಿನಲ್ಲಿ ಅರ್ಧಪಾಲು ಕೂದಲಲ್ಲೇ ಇದೆ. ಇಂಥ ಕೋರಿಕೆಯನ್ನು ನಾನು ನನ್ನ ನಿರ್ದೇಶಕರ ಮುಂದೆ ಇಟ್ಟಿದ್ದರೆ ಏನಾಗುತ್ತಿತ್ತೋ! ಆಕೆಗೆ ಆ ಸಲುಗೆ ಇತ್ತು. ಹರ್ಷೆಲ್ ದಕ್ಷಿಣ ಆಕಾಶದ ನಕ್ಷತ್ರಗಳನ್ನು ದಾಖಲಿಸಲು ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ಬೀಡು ಬಿಟ್ಟಿದ್ದಾಗ, 1836ರಲ್ಲಿ, ಇಬ್ಬರಿಗೂ ಪರಿಚಯವಾಗಿತ್ತು. ಆಗಿನ್ನೂ ಆಕೆಗೆ ಇಪ್ಪತ್ತರ ಆಸುಪಾಸು. ಮುಂದೆ ಆಕೆ ಕಲ್ಕತ್ತದಲ್ಲಿದ್ದಾಗ, ಫೋಟೊಗ್ರಫಿ ಎಂಬ ಹೊಸ ವಿದ್ಯೆ ಹುಟ್ಟಿರುವ ಸುದ್ದಿಯನ್ನು ಪತ್ರದಲ್ಲಿ ತಿಳಿಸಿದವರೂ ಹರ್ಷೆಲ್ ಅವರೇ.

ಆಕೆಯ ಕೈಗೆ ಕ್ಯಾಮೆರಾ ಬಂದದ್ದು ಮಾತ್ರ ಬಹಳ ತಡವಾಗಿ. 1863ರಲ್ಲಿ, 48ನೇ ವಯಸ್ಸಿನಲ್ಲಿ, ಮಗಳು ಅಳಿಯ ಸೇರಿ ಕೊಟ್ಟ ಉಡುಗೊರೆ ಅದು. ಮೂರೂವರೆ ವರ್ಷ ಕಳೆಯುವುದರೊಳಗೆ ಆಕೆ ಇಂಗ್ಲೆಂಡಿನ ಕೆಂಟ್ ಪ್ರಾಂತದ ಹಾಕ್‌ಹರ್ಸ್ಟ್‌ನಲ್ಲಿದ್ದ ಹರ್ಷೆಲ್ ಮನೆಗೇ ಸಲಕರಣೆ ಸಮೇತ ಹೋಗಿ ಈ ಚಿತ್ರ ತೆಗೆದರು. ‘ಕೈ ಪಳಗಿರಲಿಲ್ಲವೋ’ ಎಂದು ನೀವು ಕೇಳಿದ್ದೀರಿ. ನಿಮಗಿಂತ ಮೊದಲೇ ಲಂಡನ್ನಿನ ಫೋಟೊಗ್ರಫಿ ಪಂಡಿತರು ಆಕೆಯ ಜೀವಮಾನವಿಡೀ ಅದನ್ನೇ ಕೇಳಿದ್ದರು. ಫೋಕಸ್ ಇಲ್ಲ, ಗಾಜಿನ ಮೇಲೆ ಗೀರು, ಬೆರಳ ಗುರುತು ಎಂದೆಲ್ಲ ಛೇಡಿಸಿದರು. ಆಕೆಯ ಉತ್ತರ ನನಗೆ ಬಹಳ ಇಷ್ಟ: ಲೆನ್ಸ್ ತಿರುಗಿಸುತ್ತಾ ಹೋಗುವಾಗ ಯಾವ ಹಂತದಲ್ಲಿ ಚಿತ್ರ ಚೆಂದ ಕಂಡಿತೋ ಅಲ್ಲೇ ನಿಲ್ಲಿಸುತ್ತಿದ್ದೆ, ಎಲ್ಲರೂ ಹಟ ಹಿಡಿಯುವ ಆ ಖಚಿತ ಫೋಕಸ್ಸಿನವರೆಗೆ ತಿರುಗಿಸುತ್ತಿರಲಿಲ್ಲ ಎಂದು ತನ್ನ ನೆನಪಿನ ಬರಹದಲ್ಲಿ ಹೇಳಿಕೊಂಡಿದ್ದಾರೆ.

ಮಸುಕಿಗೆ ಭೌತಶಾಸ್ತ್ರದ ಕಾರಣವೂ ಇದೆ, ನಿಮ್ಮ ತರಗತಿಗೆ ಉಪಯೋಗಕ್ಕೆ ಬಂದೀತು. 1866ರಿಂದ ಆಕೆ ಬಳಸುತ್ತಿದ್ದ ದೊಡ್ಡ ಕ್ಯಾಮೆರಾಕ್ಕೆ 15×12 ಇಂಚಿನ ಗಾಜಿನ ಫಲಕ ಹಾಕಬೇಕಿತ್ತು. ಅಷ್ಟು ದೊಡ್ಡ ಫಲಕವನ್ನು ಮುಖವೇ ತುಂಬಬೇಕಾದರೆ ಉದ್ದ ನಾಭಿದೂರದ ಲೆನ್ಸ್ ಬೇಕು, ಹತ್ತಿರವೂ ಹೋಗಬೇಕು. ಆಗ ಸ್ಪಷ್ಟವಾಗಿ ಕಾಣುವ ಆಳ ತೀರಾ ಕಡಿಮೆ. ಕಣ್ಣು, ಮೂಗಿನ ಸುತ್ತ ಇರುವ ವಿವರ ಭುಜದ ಹೊತ್ತಿಗೆ ಕರಗಿಹೋಗಿರುತ್ತದೆ. ಮೇಲಾಗಿ ಕೂತವರು ನಿಮಿಷಗಟ್ಟಲೆ ಅಲ್ಲಾಡದೆ ಇರಬೇಕು. ಎಂಥ ಸ್ಥಿತಪ್ರಜ್ಞನಾದರೂ ಉಸಿರಾಡಲೇಬೇಕಲ್ಲ. ಆ ಉಸಿರೂ ಗಾಜಿನ ಮೇಲೆ ದಾಖಲಾಗುತ್ತದೆ.

ಗಾಜು ಎಂದರೆ ಬರೀ ಗಾಜಲ್ಲ. ಕೊಲೋಡಿಯನ್ ಎಂಬ ಅಂಟುದ್ರವವನ್ನು ಅದರ ಮೇಲೆ ಸಮನಾಗಿ ಹರಿಸಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಹಸಿ ಆರುವ ಮೊದಲೇ ಕ್ಯಾಮೆರಾಕ್ಕೆ ಹಾಕಿ, ಚಿತ್ರ ತೆಗೆದು, ಮತ್ತೆ ಕತ್ತಲಿಗೆ ಓಡಿ ಡೆವಲಪ್ ಮಾಡಬೇಕು. ಆ ಲೇಪಕ್ಕೆ ಕಾಣುತ್ತಿದ್ದದ್ದು ನೀಲಿ, ನೇರಳೆ, ಅದರಾಚೆಯ ಅತಿನೇರಳೆ ಬೆಳಕು ಮಾತ್ರ. ಕೆಂಪು, ಹಳದಿ ಅದಕ್ಕೆ ಹೆಚ್ಚುಕಡಿಮೆ ಕತ್ತಲೆಯೇ. ಹಾಗಾಗಿ ಚರ್ಮದ ಕೆಂಪು ಕಪ್ಪಾಗಿ, ಸುಕ್ಕುಗಳು ನಿಜಕ್ಕಿಂತ ಆಳವಾಗಿ ಮೂಡುತ್ತವೆ. ಹರ್ಷೆಲ್ ಮುಖದಲ್ಲಿ ನೀವು ಕಂಡ ವೃದ್ಧಾಪ್ಯದಲ್ಲಿ ಒಂದು ಪಾಲು ರಸಾಯನಶಾಸ್ತ್ರದ್ದು.

ಈಗ ಕಥೆಯ ಒಳತಿರುವು. ಆ ರಸಾಯನಶಾಸ್ತ್ರ ಅಷ್ಟು ದೂರ ಬಂದದ್ದರಲ್ಲಿ ಕ್ಯಾಮೆರಾದ ಮುಂದೆ ಕೂತಿದ್ದ ಮುದುಕರ ಪಾಲು ದೊಡ್ಡದು. ಹೈಪೊ ಎಂದು ನಾವು ಡಾರ್ಕ್‌ರೂಮಿನವರು ಕರೆಯುವ ಲವಣ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ, ಫೋಟೊಗ್ರಫಿ ಲೋಕಕ್ಕೆ ತಿಳಿಯುವುದಕ್ಕೆ ಇಪ್ಪತ್ತು ವರ್ಷ ಮುಂಚೆ. 1839ರಲ್ಲಿ ಆ ಸುದ್ದಿ ಬಂದಾಗ, ಚಿತ್ರ ಬೆಳಕಿಗೆ ಕಪ್ಪಾಗಿ ಹಾಳಾಗದಂತೆ ನಿಲ್ಲಿಸಲು ಇದೇ ಔಷಧ ಎಂದು ತೋರಿಸಿಕೊಟ್ಟರು. ಅದೇ ವರ್ಷ ಅಪ್ಪ ವಿಲಿಯಂ ಹರ್ಷೆಲ್ ಅವರ 40 ಅಡಿ ದೂರದರ್ಶಕದ ಚೌಕಟ್ಟನ್ನು ಗಾಜಿನ ಮೇಲೆ ಚಿತ್ರವಾಗಿಸಿದರು. 1842ರಲ್ಲಿ ಸೈನೋಟೈಪ್ ಎಂಬ ನೀಲಿ ಮುದ್ರಣ ವಿಧಾನವನ್ನು ಕೊಟ್ಟರು. ಎಂಜಿನಿಯರುಗಳ ನಕ್ಷೆಗಳು ಮುಂದೆ ದಶಕಗಳ ಕಾಲ ಅದರಲ್ಲೇ ಅಚ್ಚಾದವು. ಕ್ಯಾಮೆರಾನ್ ಅವರ ಕೈಯಲ್ಲಿದ್ದ ಪೊಟ್ಯಾಸಿಯಂ ಸಯನೈಡ್ ಕಂಡು ಗಾಬರಿಯಾಗಿ, ಅದು ಘೋರ ವಿಷ, ಹುಷಾರು ಎಂದು ಪತ್ರ ಬರೆದದ್ದೂ ಇವರೇ. ಹೀಗೆ ಒಳಗುಟ್ಟೆಲ್ಲ ಬಲ್ಲವರು ಎದುರು ಕೂತರೆ ಛಾಯಾಗ್ರಾಹಕರ ಕೈ ನಡುಗುತ್ತದೆ. ಆಕೆಯದು ನಡುಗಲಿಲ್ಲ.

ನನಗೆ ಈ ಚಿತ್ರದಲ್ಲಿ ಮುಖ್ಯ ಅನ್ನಿಸುವುದು ಅದರಲ್ಲಿ ಇಲ್ಲದೇ ಇರುವುದು. ಆ ಕಾಲದ ಸ್ಟುಡಿಯೊ ಫೋಟೊಗಳಲ್ಲಿ ವಿದ್ವಾಂಸ ಎಂದರೆ ಪರದೆ, ಕಂಬ, ಮೇಜು, ಮೇಜಿನ ಮೇಲೊಂದು ದಪ್ಪ ಪುಸ್ತಕ. ಇಲ್ಲಿ ದೂರದರ್ಶಕವಿಲ್ಲ, ಭೂಗೋಲವಿಲ್ಲ, ಪದಕವಿಲ್ಲ. ಅವೆಲ್ಲ ಬೇಡ, ಮುಖ ಸಾಕು ಎಂಬುದು ಆಕೆಯ ತೀರ್ಮಾನ. ಒಂದು ತಕರಾರೂ ಇದೆ. ಹೀಗೆ ತೆಗೆದಾಗ ವಿಜ್ಞಾನಿ ಋಷಿಯಾಗಿಬಿಡುತ್ತಾನೆ. ರಾತ್ರಿಯೆಲ್ಲ ಚಳಿಯಲ್ಲಿ ಕೂತು ನಕ್ಷತ್ರಗಳ ಸ್ಥಾನ ಬರೆದುಕೊಂಡ, ಲೆಕ್ಕ ತಪ್ಪಿ ಹೊಡೆದುಹಾಕಿ ಮತ್ತೆ ಬರೆದ ದುಡಿಮೆಯ ಮನುಷ್ಯ ಕಾಣುವುದಿಲ್ಲ. ಮಕ್ಕಳಿಗೆ ತೋರಿಸುವಾಗ ಇದನ್ನೂ ಹೇಳಿ.

ಪ್ರಶ್ನೆ: ಹಳೆಯ ಫೋಟೊಗಳಲ್ಲಿ ಒಬ್ಬ ವಿಜ್ಞಾನಿಯೂ ಯಾಕೆ ನಗುವುದಿಲ್ಲ?
– ಒಂಬತ್ತನೇ ತರಗತಿ ವಿದ್ಯಾರ್ಥಿ

ಉತ್ತರ: ನೀನೇ ಕನ್ನಡಿ ಮುಂದೆ ನಿಂತು ಒಂದು ನಿಮಿಷ ಅದೇ ನಗುವನ್ನು ಹಿಡಿದಿಟ್ಟು ನೋಡು. ಅರ್ಧ ನಿಮಿಷದ ಹೊತ್ತಿಗೆ ಅದು ಹಲ್ಲುನೋವಾಗಿರುತ್ತದೆ! ಸ್ಟುಡಿಯೊಗಳಲ್ಲಿ ತಲೆ ಅಲ್ಲಾಡದಂತೆ ಕುತ್ತಿಗೆಯ ಹಿಂದೆ ಕಬ್ಬಿಣದ ಆಸರೆ ಇಡುತ್ತಿದ್ದ ಕಾಲ ಅದು. ಇನ್ನೊಂದು ಕಾರಣ, ಭಾವಚಿತ್ರ ಎಂದರೆ ತೈಲಚಿತ್ರದ ತಮ್ಮ ಎಂದೇ ಎಲ್ಲರೂ ಭಾವಿಸಿದ್ದರು, ಗಂಭೀರವಾಗಿರುವುದೇ ಮರ್ಯಾದೆ. ಹಾಗೆಂದು ಅವರೆಲ್ಲ ಸಿಡುಕರಲ್ಲ. ಡಾರ್ವಿನ್ 1868ರಲ್ಲಿ ಐಲ್ ಆಫ್ ವೈಟ್ ದ್ವೀಪದಲ್ಲಿ ಇದೇ ಕ್ಯಾಮೆರಾನ್ ಅವರ ಮುಂದೆ ಗಡ್ಡ ಬಿಟ್ಟುಕೊಂಡು ಮುಖ ಗಂಟಿಕ್ಕಿ ಕೂತರು. ಆಮೇಲೆ, ನನ್ನ ಬೇರೆಲ್ಲ ಫೋಟೊಗಳಿಗಿಂತ ನನಗೆ ಇದೇ ಬಹಳ ಇಷ್ಟ ಎಂದು ಬರೆದುಕೊಟ್ಟರು. ಆಕೆ ಜಾಣೆ, ಆ ಮಾತನ್ನು ಫೋಟೊ ಜತೆಗೇ ಅಚ್ಚು ಮಾಡಿಸಿ ಮಾರಿದರು.

ಪ್ರಶ್ನೆ: ನಮ್ಮ ಪ್ರಯೋಗಾಲಯದ ಗೋಡೆಗೆ ಐನ್‌ಸ್ಟೈನ್ ನಾಲಿಗೆ ಚಾಚಿದ ಫೋಟೊ ಹಾಕಿದ್ದೆವು. ಅದು ಅಗೌರವ, ತೆಗೆಯಿರಿ ಎಂದು ಹಿರಿಯ ಉಪನ್ಯಾಸಕರು ಗದರಿದರು. ನೀವೇನಂತೀರಿ?
– ಪದವಿ ವಿದ್ಯಾರ್ಥಿಗಳು

ಉತ್ತರ: ಅಗೌರವವಾದರೆ ಅದನ್ನು ಸ್ನೇಹಿತರಿಗೆಲ್ಲ ಹಂಚಿದವರು ಐನ್‌ಸ್ಟೈನ್ ಅವರೇ ಎಂದು ನಿಮ್ಮ ಸರ್‌ಗೆ ಹೇಳಿ, ಮೆಲ್ಲಗೆ ಹೇಳಿ. 1951ರ ಮಾರ್ಚ್ 14, ಪ್ರಿನ್ಸ್‌ಟನ್‌ನಲ್ಲಿ ಅವರ 72ನೇ ಹುಟ್ಟುಹಬ್ಬದ ಕೂಟ. ನಗಿ ನಗಿ ಎಂದು ಪತ್ರಿಕಾ ಛಾಯಾಗ್ರಾಹಕರು ಸಂಜೆಯೆಲ್ಲ ಕಾಡಿದ್ದರು. ಕೊನೆಗೆ ಕಾರು ಹತ್ತಿ ಕೂತಾಗಲೂ ಆರ್ಥರ್ ಸಾಸ್ ಎಂಬಾತ ಹತ್ತಿರ ಬಂದ. ಐನ್‌ಸ್ಟೈನ್ ಅವನತ್ತ ತಿರುಗಿ ನಾಲಿಗೆ ಚಾಚಿದರು. ಸಾಸ್ ಆ ಕ್ಷಣವನ್ನು ಬಿಡಲಿಲ್ಲ.

ಮೂಲ ಚಿತ್ರದಲ್ಲಿ ಅವರು ಒಬ್ಬರೇ ಇಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಅವರ ಒಂದು ಕಡೆ ಪ್ರಿನ್ಸ್‌ಟನ್‌ನ ಸಂಶೋಧನಾ ಸಂಸ್ಥೆ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯ ಮಾಜಿ ನಿರ್ದೇಶಕ ಫ್ರಾಂಕ್ ಆಯ್ಡೆಲಾಟ್, ಇನ್ನೊಂದು ಕಡೆ ಆಯ್ಡೆಲಾಟ್ ಅವರ ಪತ್ನಿ. ಅಕ್ಕಪಕ್ಕದವರನ್ನು ಕತ್ತರಿಸಿ ತನ್ನ ಮುಖ ಮಾತ್ರ ಉಳಿಸಿಕೊಂಡು, ಪ್ರತಿಗಳನ್ನು ತರಿಸಿ ಸ್ನೇಹಿತರಿಗೆ ಶುಭಾಶಯ ಪತ್ರದಂತೆ ಕಳಿಸಿದವರು ಐನ್‌ಸ್ಟೈನ್. ಕ್ಲಿಕ್ಕಿಸಿದ್ದು ಸಾಸ್, ಸಂಕಲನ ಐನ್‌ಸ್ಟೈನ್ ಅವರದ್ದು ಅನ್ನಬಹುದು. ಪೂರ್ತಿ ಚಿತ್ರದಲ್ಲಿ ಅದು ದಣಿದ ಮುದುಕರೊಬ್ಬರು ಮನೆಗೆ ಹೊರಟ ಸಂದರ್ಭ, ಕತ್ತರಿಸಿದ ಮೇಲೆ ಇಡೀ ಜಗತ್ತಿಗೆ ಚಾಚಿದ ನಾಲಿಗೆ.

ಸರ್‌ ಅವರನ್ನು ಸಮಾಧಾನ ಮಾಡಬೇಕಿದ್ದರೆ ಪಕ್ಕದಲ್ಲಿ ಇನ್ನೊಂದನ್ನು ಹಾಕಿ. 1947ರಲ್ಲಿ ಫಿಲಿಪ್ ಹಾಲ್ಸ್‌ಮನ್ ತೆಗೆದದ್ದು. ನೇರ ನಮ್ಮನ್ನೇ ನೋಡುವ ಒದ್ದೆ ಕಣ್ಣು, ಹಣೆಯ ಗೆರೆ, ಉಣ್ಣೆಯ ಸ್ವೆಟರು. 1966ರ ಅಮೆರಿಕದ ಅಂಚೆಚೀಟಿಯ ಐನ್‌ಸ್ಟೈನ್ ಈ ಚಿತ್ರದಿಂದ ಬಂದವರು, 1999ರ ಕೊನೆಗೆ ಟೈಮ್ ಪತ್ರಿಕೆ ‘ಶತಮಾನದ ವ್ಯಕ್ತಿ’ ಎಂದು ಮುಖಪುಟಕ್ಕೆ ಹಾಕಿದ್ದೂ ಇದನ್ನೇ. ಹಾಲ್ಸ್‌ಮನ್ 1940ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಲು ವೀಸಾ ಸಿಕ್ಕಿದ್ದು ಐನ್‌ಸ್ಟೈನ್ ನೆರವಿನಿಂದ, ಹಾಗಾಗಿ ಇಬ್ಬರ ನಡುವೆ ಹಳೆಯ ಋಣವಿತ್ತು. ಫೋಟೊ ತೆಗೆಯುವಾಗ ಮಾತು ಅಣುಬಾಂಬಿನತ್ತ ಹೊರಳಿತು. ಹಾಗಾದರೆ ಲೋಕದಲ್ಲಿ ಎಂದೂ ಶಾಂತಿ ಬರುವುದಿಲ್ಲವೇ ಎಂದು ಹಾಲ್ಸ್‌ಮನ್ ಕೇಳಿದರು. ಇಲ್ಲ, ಮನುಷ್ಯ ಇರುವವರೆಗೂ ಯುದ್ಧ ಇರುತ್ತದೆ ಎಂದರು ಐನ್‌ಸ್ಟೈನ್. ಆ ಮಾತಿನ ಹೊತ್ತಿನ ಮುಖ ಅದು. ಎರಡನ್ನೂ ಅಕ್ಕಪಕ್ಕ ಹಾಕಿದರೆ ಉಪನ್ಯಾಸಕರಿಗೂ ಬೇಸರವಾಗದು.

ಪ್ರಶ್ನೆ: ರಾಮಾನುಜನ್ ಅವರದ್ದು ಎಲ್ಲೆಲ್ಲೂ ಅದೇ ಒಂದು ಫೋಟೊ. ಒಳ್ಳೆಯ ಸ್ಟುಡಿಯೊದಲ್ಲಿ ಒಂದನ್ನಾದರೂ ತೆಗೆಸಲಿಲ್ಲವೇ?
– ಗಣಿತದ ಅಭಿಮಾನಿ

ಉತ್ತರ: ಕೇಂಬ್ರಿಜ್‌ನಲ್ಲಿ ಇತರರ ಜತೆ ನಿಂತ ಗುಂಪು ಚಿತ್ರಗಳಿವೆ. ಆದರೆ ನಿಮ್ಮ ಕಣ್ಣ ಮುಂದಿರುವುದು ಪಾಸ್‌ಪೋರ್ಟ್ ಫೋಟೊ, 1919ರಲ್ಲಿ ಭಾರತಕ್ಕೆ ಹಿಂತಿರುಗುವ ಹೊತ್ತಿನದು. ಮರುವರ್ಷ ಏಪ್ರಿಲಿನಲ್ಲಿ ಅವರು ತೀರಿಕೊಂಡರು, ಆಗ 32 ವರ್ಷ. ಆ ಫೋಟೊ ಲೋಕಕ್ಕೆ ಸಿಕ್ಕಿದ್ದು ಹೇಗೆ ಗೊತ್ತೇ? ರಾಮಾನುಜನ್ ಅವರ ಗಣಿತದ ಬಗ್ಗೆ ಬರೆಯುತ್ತಿದ್ದ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರಿಗೆ ಒಂದು ಒಳ್ಳೆಯ ಚಿತ್ರ ಬೇಕಿತ್ತು. ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಭಾರತಕ್ಕೆ ಬಂದಾಗ ರಾಮಾನುಜನ್ ಅವರ ಪತ್ನಿ ಜಾನಕಿ ಅಮ್ಮಾಳ್ ಅವರನ್ನು ಹುಡುಕಿಕೊಂಡು ಹೋದರು. ಅವರ ಬಳಿ ಉಳಿದಿದ್ದ ಪಾಸ್‌ಪೋರ್ಟಿನಿಂದ ಈ ಮುಖ ಹೊರಬಂತು. ಕಾಯಿಲೆಯವರಂತೆ ಕಂಡರೂ ಪ್ರತಿಭಾವಂತ ಎಂಬುದು ಮುಖದಲ್ಲೆಲ್ಲ ಇದೆ ಎಂಬುದು ಹಾರ್ಡಿಯವರ ಅಭಿಪ್ರಾಯ. 1940ರಲ್ಲಿ ಬಂದ ಅವರ ಉಪನ್ಯಾಸಗಳ ಪುಸ್ತಕದಲ್ಲಿ ಅದು ಅಚ್ಚಾಯಿತು.

ಮುಂದಿನದು ಇನ್ನೂ ಹೃದಯಕ್ಕೆ ತಟ್ಟುವಂಥದ್ದು. ಗಂಡನ ಪ್ರತಿಮೆ ನಿಲ್ಲಿಸುತ್ತೇವೆ ಎಂದಿದ್ದರಲ್ಲ, ಎಲ್ಲಿ ಆ ಪ್ರತಿಮೆ ಎಂದು ಜಾನಕಿ ಅಮ್ಮಾಳ್ ಮುಪ್ಪಿನಲ್ಲಿ ಪತ್ರಕರ್ತರ ಮುಂದೆ ಕೇಳಿದ್ದರು. ಅದನ್ನು ಓದಿದ ಅಮೆರಿಕದ ಗಣಿತಜ್ಞ ರಿಚರ್ಡ್ ಆಸ್ಕಿ ಜಗತ್ತಿನ ಗಣಿತಜ್ಞರಿಂದ ಹಣ ಕೂಡಿಸಿದರು. ಪಾಲ್ ಗ್ರಾನ್‌ಲಂಡ್ ಎಂಬ ಶಿಲ್ಪಿ ಕಂಚಿನ ಎದೆಮಟ್ಟದ ಪ್ರತಿಮೆ ಮಾಡಿದರು. ಅವರಿಗಿದ್ದ ಆಧಾರ ಇದೇ ಪಾಸ್‌ಪೋರ್ಟ್ ಫೋಟೊ. ಮುಂದಿನಿಂದ ತೆಗೆದ ಒಂದು ಚಪ್ಪಟೆ ಚಿತ್ರದಿಂದ ಕಿವಿಯ ಹಿಂಭಾಗವನ್ನೂ ಕುತ್ತಿಗೆಯನ್ನೂ ಊಹಿಸಿದ ಶಿಲ್ಪಿಗೆ ನನ್ನದೊಂದು ನಮಸ್ಕಾರ. ಅಂದು ಕ್ಲಿಕ್ಕಿಸಿದಾತನಿಗೆ ಅದು ಪ್ರಯಾಣದ ಕಾಗದಕ್ಕೆ ಅಂಟಿಸುವ ಇನ್ನೊಂದು ಚೀಟಿ ಅಷ್ಟೇ ಆಗಿದ್ದಿರಬೇಕು.

ಪ್ರಶ್ನೆ: ನಿಕೊಲಾ ಟೆಸ್ಲಾ ಮಿಂಚಿನ ಮಳೆಯ ಕೆಳಗೆ ಕುರ್ಚಿಯಲ್ಲಿ ನಿರಾಳವಾಗಿ ಕೂತಿರುವ ಫೋಟೊ ಮೊಬೈಲಿಗೆ ಬಂತು. ನಿಜವೇ, ಕಂಪ್ಯೂಟರ್ ಕೈಚಳಕವೇ?
– ವಿದ್ಯುತ್ ಕೆಲಸಗಾರ

ಉತ್ತರ: ಕೈಚಳಕವೇ, ಆದರೆ 1899ರದ್ದು! ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿದ್ದ ಟೆಸ್ಲಾ ಪ್ರಯೋಗಾಲಯದಲ್ಲಿ ಡಿಕೆನ್ಸನ್ ಆಲಿ ಎಂಬ ಛಾಯಾಗ್ರಾಹಕ ತೆಗೆದದ್ದು. ಒಂದೇ ಫಲಕದ ಮೇಲೆ ಎರಡು ಸಲ ಬೆಳಕು ಬಿಟ್ಟಿದ್ದಾರೆ. ಕತ್ತಲಲ್ಲಿ ಟೆಸ್ಲಾರ ವಿದ್ಯುತ್ ತಂತಿಯ ಸುರುಳಿಯಿಂದ ಚಿಮ್ಮುವ ಕಿಡಿಗಳನ್ನು ಒಂದು ಸಲ, ಸುರುಳಿ ನಿಲ್ಲಿಸಿ ಕುರ್ಚಿಯಲ್ಲಿ ಕೂತ ಟೆಸ್ಲಾರನ್ನು ಇನ್ನೊಂದು ಸಲ. ಆ ಕಿಡಿಗಳ ಹೊತ್ತಿನಲ್ಲಿ ನಿಜವಾಗಿ ಅಲ್ಲಿ ಕೂತಿದ್ದರೆ ಏನಾಗುತ್ತಿತ್ತು ಎಂಬುದು ನಿಮ್ಮ ಕಸುಬಿನವರಿಗೆ ನಾನು ಹೇಳಬೇಕಿಲ್ಲ. ಟೆಸ್ಲಾ ಇದನ್ನು ಮುಚ್ಚಿಟ್ಟವರಲ್ಲ, ತಮ್ಮ ಟಿಪ್ಪಣಿಗಳಲ್ಲಿ ವಿಧಾನವನ್ನು ಬರೆದಿದ್ದಾರೆ. ಚಿತ್ರ ಹರಡಿದಷ್ಟು ಟಿಪ್ಪಣಿ ಹರಡಲಿಲ್ಲ ಅಷ್ಟೇ.

ಪ್ರಶ್ನೆ: ಹಳೆಯ ವಿಜ್ಞಾನಿಗಳ ಫೋಟೊಗಳಿಗೆ ಎಐ ಬಳಸಿ ಬಣ್ಣ ತುಂಬಿ, ಸ್ಪಷ್ಟಗೊಳಿಸಿ ಶಾಲೆಯ ವಸ್ತುಪ್ರದರ್ಶನಕ್ಕೆ ಇಡಬೇಕೆಂದಿದ್ದೇವೆ. ಸಲಹೆ ಕೊಡಿ.
– ವಿಜ್ಞಾನ ಸಂಘದ ಕಾರ್ಯದರ್ಶಿ

ಉತ್ತರ: ಬಣ್ಣ ತುಂಬುವುದಾದರೆ ‘ಬಣ್ಣ ಊಹೆಯದು’ ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆಯಿರಿ, ಮೂಲ ಚಿತ್ರವನ್ನೂ ಪಕ್ಕದಲ್ಲಿಡಿ. ಕೊಲೋಡಿಯನ್ ಫಲಕಕ್ಕೆ ಕೆಂಪು ಕಾಣುತ್ತಿರಲಿಲ್ಲ ಎಂದು ಮೇಲೆ ಹೇಳಿದೆನಲ್ಲ. ಅಂಥ ಚಿತ್ರದ ಕಪ್ಪು ಕೋಟು ನಿಜದಲ್ಲಿ ಕಡುಗೆಂಪು ಇದ್ದಿರಬಹುದು. ಫಲಕದಲ್ಲೇ ಇಲ್ಲದ ಮಾಹಿತಿಯನ್ನು ಯಂತ್ರ ಎಲ್ಲಿಂದ ತಂದೀತು? ‘ಸ್ಪಷ್ಟಗೊಳಿಸುವ’ ಸಾಫ್ಟ್‌ವೇರ್ ಇನ್ನೂ ಅಪಾಯ. ಅದು ಮಸುಕನ್ನು ತೆಗೆಯುವುದಿಲ್ಲ, ಮಸುಕಿದ್ದಲ್ಲಿ ಬೇರೆ ಯಾರದೋ ರೆಪ್ಪೆ, ಬೇರೆ ಯಾರದೋ ಹಲ್ಲು ತಂದಿಡುತ್ತದೆ. ಹರ್ಷೆಲ್ ಚಿತ್ರವನ್ನು ಅದಕ್ಕೆ ಕೊಟ್ಟರೆ ಕ್ಯಾಮೆರಾನ್ ಹಟ ಹಿಡಿದು ಉಳಿಸಿಕೊಂಡದ್ದನ್ನೆಲ್ಲ ನಯವಾಗಿ ಒರೆಸಿಹಾಕುತ್ತದೆ.

ಅದಕ್ಕೂ ಮೊದಲು, ಫೋಟೊದಲ್ಲಿ ಇರುವವರು ಅವರೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಿ. ಮೇರಿ ಕ್ಯೂರಿ ಪಾತ್ರದಲ್ಲಿ ಏಕವ್ಯಕ್ತಿ ಪ್ರದರ್ಶನ ಕೊಡುವ ಅಮೆರಿಕದ ಕಲಾವಿದೆಯೊಬ್ಬರ ಫೋಟೊ, ಕ್ಯೂರಿಯೆಂದೇ ಕೆಲವು ದೇಶಗಳ ಅಂಚೆಚೀಟಿಗಳಲ್ಲಿ ಅಚ್ಚಾಗಿದೆ. ಅಂತರ್ಜಾಲದಲ್ಲಿ ಇಂದಿಗೂ ಓಡಾಡುತ್ತಿದೆ. ಫೋಟೊಗಿಂತ ಹಿಂದಿನ ಕಾಲದ್ದೂ ಒಂದು ಹೇಳಿಬಿಡುತ್ತೇನೆ: ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ ಎಂದು ಪುಸ್ತಕಗಳು ತಲೆತಲಾಂತರ ಅಚ್ಚು ಹಾಕಿದ ಮುಖ, ಅದೇ ಅಡ್ಡಹೆಸರಿನ ಒಬ್ಬ ರಾಜಕಾರಣಿಯದು! ಗೊತ್ತಾದದ್ದು ಈ ಶತಮಾನದಲ್ಲಿ. ಪಾಪ, ನಿಜವಾದ ಲೆಜಾಂಡ್ರ್ ಅವರದ್ದೆಂದು ಉಳಿದಿರುವುದು ಒಂದು ವ್ಯಂಗ್ಯಚಿತ್ರ ಮಾತ್ರ.

ಪ್ರಶ್ನೆ: ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರು ನಿವೃತ್ತರಾಗುತ್ತಿದ್ದಾರೆ. ಅವರದ್ದೊಂದು ಒಳ್ಳೆಯ ಭಾವಚಿತ್ರ ತೆಗೆಯುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಒಂದು ಕ್ಯಾಮೆರಾ, ಎರಡು ಲೆನ್ಸ್ ಇವೆ, ಸ್ಟುಡಿಯೊ ದೀಪಗಳಿಲ್ಲ. ಸರ್ ಕನ್ನಡಕ ಹಾಕುತ್ತಾರೆ, ಕ್ಯಾಮೆರಾ ಕಂಡರೆ ಮರಗಟ್ಟುತ್ತಾರೆ.
– ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ದೀಪ ಇಲ್ಲದಿರುವುದು ಒಳ್ಳೆಯದೇ ಆಯಿತಮ್ಮ. ದೊಡ್ಡ ಕಿಟಕಿಯೊಂದನ್ನು ಹುಡುಕು, ನೇರ ಬಿಸಿಲು ಬೀಳದಂಥದ್ದು. ಸರ್‌ ಅವರನ್ನು ಕಿಟಕಿಗೆ ಓರೆಯಾಗಿ ಕೂರಿಸು. ಕೋಣೆಯ ಟ್ಯೂಬ್‌ಲೈಟ್‌ಗಳನ್ನೆಲ್ಲ ಆರಿಸು, ಇಲ್ಲದಿದ್ದರೆ ಮುಖದ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣ. ಕತ್ತಲಾಗುವ ಕೆನ್ನೆಯ ಕಡೆ ಯಾರಾದರೂ ಬಿಳಿ ಥರ್ಮೊಕೋಲ್ ಹಲಗೆ ಹಿಡಿದು ನಿಂತರೆ ಸಾಕು. ಎರಡೂ ಕಣ್ಣಲ್ಲಿ ಕಿಟಕಿಯ ಪುಟ್ಟ ಬಿಂಬ ಕಾಣುತ್ತಿದೆಯೇ ನೋಡು. ಅದು ಇಲ್ಲದ ಕಣ್ಣು ಸತ್ತಂತಿರುತ್ತದೆ.

ಹತ್ತಿರ ಹೋಗಬೇಡ. ಎರಡು ಮೀಟರ್ ಆಸುಪಾಸಿನಲ್ಲಿ ನಿಲ್ಲು, 85 ಮಿಲಿಮೀಟರ್ ಅಥವಾ ಅದಕ್ಕೆ ಹತ್ತಿರದ ಲೆನ್ಸ್ ಹಾಕು. ಮೊಬೈಲಿನಲ್ಲಿ ಅರ್ಧ ಮೀಟರ್ ದೂರದಿಂದ ತೆಗೆದರೆ ಮೂಗು ಊದಿ ಕಿವಿ ಹಿಂದೆ ಸರಿಯುತ್ತದೆ. ಲೆನ್ಸ್ ಕೆಟ್ಟದ್ದೆಂದು ಬಯ್ಯುತ್ತೇವೆ, ನಿಜವಾದ ಕಾರಣ ದೂರ.

ಕನ್ನಡಕದ ವಿಷಯಕ್ಕೆ ನಿನ್ನ ಸರ್‌ ಪಾಠವನ್ನೇ ನೆನಪಿಸಿಕೋ: ಬೆಳಕು ಬಿದ್ದ ಕೋನದಲ್ಲೇ ಪ್ರತಿಫಲಿಸುತ್ತದೆ. ಗಾಜಿನಲ್ಲಿ ಕಿಟಕಿ ಕಾಣುತ್ತಿದ್ದರೆ ಕುರ್ಚಿಯನ್ನು ಸ್ವಲ್ಪ ತಿರುಗಿಸು, ಅಥವಾ ಗಲ್ಲವನ್ನು ಕೂದಲೆಳೆಯಷ್ಟು ತಗ್ಗಿಸಲು ಹೇಳು. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ತುಸು ಎತ್ತಿ ಕೂರಿಸಿದರೆ ಗಾಜು ಕೆಳಮುಖವಾಗಿ ವಾಲಿ ಬಿಂಬ ಮಾಯವಾಗುತ್ತದೆ. ಪಕ್ಕದಿಂದ ನೋಡಿದರೆ ವಿಚಿತ್ರ, ಮುಂದಿನಿಂದ ಗೊತ್ತೇ ಆಗುವುದಿಲ್ಲ. ಕನ್ನಡಕ ತೆಗೆಸಿ ಮಾತ್ರ ಫೋಟೊ ತೆಗೆಯಬೇಡ. ದಿನಾ ಹಾಕುವವರು ತೆಗೆದಾಗ ಮೂಗಿನ ಮೇಲೆ ಗುಳಿ, ಕಣ್ಣಲ್ಲಿ ದಿಕ್ಕು ತಪ್ಪಿದ ನೋಟ, ಅವರು ಅವರಾಗಿರುವುದೇ ಇಲ್ಲ.

ಮರಗಟ್ಟುವುದಕ್ಕೆ ನನ್ನ ಬಳಿ ಇದ್ದದ್ದು ಒಂದೇ ಔಷಧಿ. ‘ನಗಿ ಸರ್’ ಎಂದು ನಾನು ಯಾರಿಗೂ ಹೇಳುತ್ತಿರಲಿಲ್ಲ. ಈಗ ನಿಮಗೆ ಬಿಡಿಸಲಾಗದೆ ಉಳಿದಿರುವ ಪ್ರಶ್ನೆ ಯಾವುದು ಎಂದು ಕೇಳುತ್ತಿದ್ದೆ. ಸಾಧನೆಯ ಬಗ್ಗೆ ಕೇಳಿದರೆ ವಿಜ್ಞಾನಿ ಭಾಷಣ ಶುರು ಮಾಡುತ್ತಾರೆ, ಬಿಡಿಸಲಾಗದ್ದರ ಬಗ್ಗೆ ಕೇಳಿದರೆ ಯೋಚನೆ ಶುರು ಮಾಡುತ್ತಾರೆ. ಕೈ ಗಾಳಿಯಲ್ಲಿ ಏನನ್ನೋ ಬರೆಯುತ್ತದೆ, ಮಾತು ನಡುವೆ ನಿಲ್ಲುತ್ತದೆ, ಕಣ್ಣು ಕ್ಯಾಮೆರಾ ದಾಟಿ ಎಲ್ಲೋ ಹೋಗುತ್ತದೆ. ಆಗ ಒತ್ತು. ಕೈಯನ್ನು ಚೌಕಟ್ಟಿನಿಂದ ಆಚೆ ಬಿಡಬೇಡ.

ಹಿನ್ನೆಲೆಗೆ ಬಣ್ಣದ ನೀರು ತುಂಬಿದ ಫ್ಲಾಸ್ಕ್, ನೀಲಿ ದೀಪ, ಯಾರೋ ಬರೆದುಕೊಟ್ಟ ಸೂತ್ರಗಳ ಕಪ್ಪುಹಲಗೆ, ಇವುಗಳ ಆಸೆ ಬಿಡು. ಅವರದ್ದೇ ಆದ ವಸ್ತುವೊಂದಿದ್ದರೆ ಇರಲಿ. ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ 1930ರ ದಶಕದಲ್ಲಿ ತೆಗೆದ ರುದರ್‌ಫೋರ್ಡ್ ಅವರ ಫೋಟೊ ಒಂದಿದೆ. ಪರಮಾಣು ಬೀಜವನ್ನು ಕಂಡ ಮಹಾನುಭಾವರು ಸಹೋದ್ಯೋಗಿಯೊಬ್ಬರ ಜತೆ ಮಾತಾಡುತ್ತಾ ನಿಂತಿದ್ದಾರೆ, ನೆತ್ತಿಯ ಮೇಲೆ ‘ದಯವಿಟ್ಟು ಮೆಲ್ಲಗೆ ಮಾತಾಡಿ’ ಎಂಬ ಫಲಕ. ಅವರ ದೊಡ್ಡ ಗಂಟಲಿಗೆ ಸೂಕ್ಷ್ಮ ಉಪಕರಣಗಳು ತಬ್ಬಿಬ್ಬಾಗುತ್ತಿದ್ದವಂತೆ, ಫಲಕ ತೂಗುಹಾಕಿದ್ದೇ ಅವರಿಗಾಗಿ. ಆ ಒಂದು ಫಲಕ ಹತ್ತು ಪದಕಗಳಿಗೆ ಸಮ. ನಿಮ್ಮ ವಿಭಾಗದಲ್ಲೂ ಇಂಥದ್ದೇನಾದರೂ ಇದ್ದೇ ಇರುತ್ತದೆ, ನಿನಗೇ ಗೊತ್ತಿರುತ್ತದೆ.

ಪ್ರಶ್ನೆ: ನಮ್ಮ ಸಂಸ್ಥಾಪಕ ವಿಜ್ಞಾನಿಯ ಹಳೆಯ ಫೋಟೊವನ್ನು ಸ್ಮರಣ ಸಂಚಿಕೆಗೆ ಬಳಸುತ್ತಿದ್ದೇವೆ. ಅಂಚಿನಲ್ಲಿ ಗುರುತಿಲ್ಲದ ಒಬ್ಬರು ಉಪಕರಣ ಹಿಡಿದು ನಿಂತಿದ್ದಾರೆ. ಕತ್ತರಿಸಿದರೆ ಚಿತ್ರ ಚೊಕ್ಕವಾಗುತ್ತದೆ. ಕತ್ತರಿಸಬಹುದೇ?
– ಸಂಪಾದಕ ಸಮಿತಿಯವರು

ಉತ್ತರ: ಬೇಡ. 1927ರ ಅಕ್ಟೋಬರಿನಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ, ಭೌತವಿಜ್ಞಾನಿಗಳ ಸಾಲ್ವೆ ಸಮ್ಮೇಳನದ ಗುಂಪು ಚಿತ್ರ ನೀವು ನೋಡಿರುತ್ತೀರಿ. ಬೆಂಜಮಿನ್ ಕುಪ್ರಿ ತೆಗೆದದ್ದು, ಒಟ್ಟು 29 ಜನ, ಅವರಲ್ಲಿ 17 ಮಂದಿ ನೊಬೆಲ್ ಪಡೆದಿದ್ದವರು ಇಲ್ಲವೇ ಮುಂದೆ ಪಡೆದವರು, ಒಬ್ಬರೇ ಮಹಿಳೆ ಮೇರಿ ಕ್ಯೂರಿ. ಆ ಚಿತ್ರದಲ್ಲಿ ಕೊನೆಯ ಸಾಲಿನ ಮೂಲೆಯವರ ಹೆಸರೂ ನಮಗೆ ಗೊತ್ತು. ಪ್ರಯೋಗಾಲಯಗಳ ಫೋಟೊಗಳಲ್ಲಿ ಹಾಗಲ್ಲ. ಗಾಜು ಊದಿದವರು, ನಿರ್ವಾತ ಪಂಪು ರಿಪೇರಿ ಮಾಡಿದವರು, ರಾತ್ರಿ ಪಾಳಿಯಲ್ಲಿ ಮುಳ್ಳು ನೋಡಿ ಅಂಕಿ ಬರೆದವರು ಎಲ್ಲರೂ ‘ಮತ್ತಿತರರು’. ನಾನೇ ಮುದ್ರಿಸಿದ ಎಷ್ಟೋ ಚಿತ್ರಗಳನ್ನು ಮೇಲಿನವರು ಕತ್ತರಿಸಿ ಕೊಡಿ ಎಂದದ್ದುಂಟು. ಮೂಲ ನೆಗೆಟಿವ್ ಮಾತ್ರ ಎಂದೂ ಕತ್ತರಿಸಲಿಲ್ಲ.

ನಿವೃತ್ತ ನೌಕರರಿಗೆಲ್ಲ ಆ ಚಿತ್ರ ತೋರಿಸಿ. ಮುಖಕ್ಕಿಂತ ಮೊದಲು ಉಪಕರಣ ಯಾವುದೆಂದು ಕೇಳಿ, ಅದು ಗೊತ್ತಾದರೆ ಹಿಡಿದವರ ಹೆಸರು ತಾನಾಗಿ ಬರುತ್ತದೆ. ಹೆಸರು ಸಿಕ್ಕರೆ ಅಡಿಬರಹದಲ್ಲಿ ಹಾಕಿ, ತೆಗೆದವರ ಹೆಸರೂ ಇಸವಿಯೂ ಇರಲಿ. ಸಿಗದಿದ್ದರೆ ‘ಬಲತುದಿಯಲ್ಲಿ ಇರುವವರ ಹೆಸರು ತಿಳಿದವರು ತಿಳಿಸಿ’ ಎಂದು ಅಚ್ಚು ಹಾಕಿ. ಮೂಲ ಪ್ರತಿಯ ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಅಚ್ಚು ಮುಖದ ಮೇಲೆ ಎದ್ದುಬಿಡುತ್ತದೆ. ಕನಿಷ್ಠ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಒಂದು ಪ್ರತಿಯನ್ನು ಪತ್ರಿಕೆಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಈ ಪುಟದ ನೆತ್ತಿಗೆ ಅದನ್ನೇ ಪೂರ್ತಿಯಾಗಿ ಹಾಕೋಣ.